ಮುಚ್ಚಳದಕ್ಕನ ಮೂರು ಕಾರುಗಳು

ಗುಂಡಿ ಒತ್ತಿದರೆ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಮಲಗುವ ಲೋಹದ ಛಾವಣಿಯ ಕಾರುಗಳಿರುತ್ತವಲ್ಲ, ಅವನ್ನು ರಿಪೇರಿ ಮಾಡುವವಳು ಆ ಊರಿನಲ್ಲಿ ಒಬ್ಬಳೇ. ಎಲ್ಲರೂ ಅವಳನ್ನು ಮುಚ್ಚಳದಕ್ಕ ಎಂದು ಕರೆಯುತ್ತಿದ್ದರು. ಮನೆಯಲ್ಲಿ ಅತ್ತೆಗೆ ಸಿಟ್ಟು ಬಂದಾಗ ಹೆಸರಿನ ಬಾಲದಲ್ಲಿದ್ದ ಅಕ್ಕ ಉದುರಿಹೋಗಿ ಬರೀ ಮುಚ್ಚಳ ಉಳಿಯುತ್ತಿತ್ತು. ಅವಳು ಅದಕ್ಕೂ ಓಗೊಡುತ್ತಿದ್ದಳು.

ಅವಳು ಶುರು ಮಾಡಿದ್ದು ಹೊಲಿಗೆಯಿಂದ. ಅಪ್ಪ ಕಾರುಗಳ ಸೀಟು ಹೊಲಿಯುತ್ತಿದ್ದ, ತೆರೆದ ಕಾರುಗಳಿಗೆ ದಪ್ಪ ಬಟ್ಟೆಯ ಹೊದಿಕೆಯನ್ನೂ ಹೊಲಿಯುತ್ತಿದ್ದ. ಹತ್ತು ವರ್ಷದವಳಿದ್ದಾಗಿನಿಂದಲೇ ಇವಳು ಅವನ ಪಕ್ಕ ಕುಳಿತು ದಾರ ಪೋಣಿಸಿಕೊಡುತ್ತಿದ್ದಳು. ಮುಂದೆ ಲೋಹದ ಛಾವಣಿಯ ಕಾರುಗಳು ಬಂದವು. ಅಪ್ಪ ಅವನ್ನು ನೋಡಿ ಮೂಗು ಮುರಿದ. "ಕಬ್ಬಿಣಕ್ಕೆ ಹೊಲಿಗೆ ಹಾಕೋಕಾಗುತ್ತಾ? ಇದು ನಮ್ಮ ಕೆಲಸ ಅಲ್ಲ ಬಿಡು" ಎಂದು ಮೆಷಿನ್ನಿಗೆ ಬಟ್ಟೆ ಹೊದಿಸಿದ. ಮಗಳಿಗೆ ಮಾತ್ರ ತಲೆಯೊಳಗೆ ಹುಳ ಹೊಕ್ಕಂತಾಯಿತು. ಅಷ್ಟು ದೊಡ್ಡ ಛಾವಣಿ ಅಷ್ಟು ಸಣ್ಣ ಡಿಕ್ಕಿಯೊಳಗೆ ಹೋಗುವುದು ಹೇಗೆ? ಹೋದದ್ದು ದಾರಿ ತಪ್ಪದೆ ಮತ್ತೆ ಅದೇ ಜಾಗಕ್ಕೆ ಬಂದು ಕೂರುವುದು ಹೇಗೆ?

ಕೊನೆಗೊಂದು ದಿನ ಛಾವಣಿ ಅರ್ಧಕ್ಕೆ ನಿಂತ ಕಾರೊಂದು ಬಂತು. ಯಾರೂ ಮುಟ್ಟಲೊಲ್ಲದ ಆ ಕಾರನ್ನು ಇವಳು ಬಿಚ್ಚಿಯೇಬಿಟ್ಟಳು. ಹನ್ನೊಂದು ದಿನ ಹಿಡಿಯಿತು. ಎಲ್ಲ ಜೋಡಿಸಿ ಮುಗಿಸಿದಾಗ ಕೈಯಲ್ಲಿ ಎರಡು ಸ್ಕ್ರೂ ಉಳಿದಿದ್ದವು, ಛಾವಣಿ ಮಾತ್ರ ಗಿಣಿಯಂತೆ ಹೇಳಿದ ಮಾತು ಕೇಳುತ್ತಿತ್ತು. ಆ ಎರಡು ಸ್ಕ್ರೂ ಇವತ್ತಿಗೂ ಶೆಡ್ಡಿನ ಕಿಟಕಿಯ ಮೇಲೆ ಜಾಮ್ ಬಾಟಲಿಯಲ್ಲಿವೆ. ಅವು ಎಲ್ಲಿಯವು ಎಂದು ಇಪ್ಪತ್ತೆರಡು ವರ್ಷದಿಂದ ಅವಳು ಯೋಚಿಸುತ್ತಲೇ ಇದ್ದಾಳೆ.

ಇಂಥವಳ ಶೆಡ್ಡಿಗೆ ಒಂದು ಬೆಳಿಗ್ಗೆ ಹಲ್ಲಿನ ಡಾಕ್ಟರು ಕೋಲೂರಿಕೊಂಡು ಬಂದರು. ಅವಳ ಎರಡು ದವಡೆ ಹಲ್ಲು ಕಿತ್ತ ಪುಣ್ಯಾತ್ಮರು ಅವರೇ. ಹಾಗಾಗಿ ಅವರನ್ನು ಕಂಡರೆ ಅವಳ ಕೈ ತಾನಾಗಿ ಕೆನ್ನೆಗೆ ಹೋಗುತ್ತಿತ್ತು.

"ಹಳೇ ಕಾರು ಮಾರೋ ಅಂಗಡೀಲಿ ಇಂಥವು ಮೂರಿವೆ. ಒಂದೊಂದೂ ಒಂದ್ಕಾಲದಲ್ಲಿ ರಾಜರ ಥರ ಮೆರೆದಿದ್ದವಂತೆ. ನನಗೆ ಮೆರೆಯೋಕಲ್ಲ, ದಿನಾ ಓಡಿಸೋಕೆ. ಯಾವುದು ತಗೊಳ್ಳಲಿ, ನೀವು ನೋಡಿ ಹೇಳ್ಬೇಕು" ಎಂದರು.

"ದಿನಾ ಓಡಿಸೋಕೆ ಇಂಥ ಕಾರ್ಯಾಕೆ ಡಾಕ್ಟ್ರೇ? ಸುಮ್ನೆ ಒಂದು ಮಾಮೂಲಿ ಕಾರು ತಗೊಳ್ಳಿ" ಎಂದು ಅವಳು ಬಾಯಿಗೆ ಬಂದದ್ದನ್ನು ಹೇಳಿದಳು. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುವ ಮಾತಾಡುವುದರಲ್ಲಿ ಅವಳದು ಎತ್ತಿದ ಕೈ.

ಡಾಕ್ಟರು ಸ್ಟೂಲಿನ ಮೇಲೆ ಕುಳಿತು ವಿಷಯ ಹೇಳಿದರು. ಅವರ ಹೆಂಡತಿ ಊರಾಚೆಯ ಶಾಲೆಯಲ್ಲಿ ಗಣಿತದ ಟೀಚರು. ಎರಡು ವರ್ಷದ ಹಿಂದೆ ಒಂದು ಕಟ್ಟಡದ ಲಿಫ್ಟಿನಲ್ಲಿ ನಾಲ್ಕು ಗಂಟೆ ಒಬ್ಬರೇ ಸಿಕ್ಕಿಹಾಕಿಕೊಂಡಿದ್ದರು. ಅಂದಿನಿಂದ ತಲೆಯ ಮೇಲೆ ಮುಚ್ಚಿದ ಯಾವ ಗಾಡಿಯನ್ನೂ ಹತ್ತುತ್ತಿರಲಿಲ್ಲ. ಬಸ್ಸಿಲ್ಲ, ಕಾರಿಲ್ಲ. ಡಾಕ್ಟರೇ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು, ಮಳೆ ಬಂದರೆ ಇಬ್ಬರೂ ನೆನೆಯುತ್ತಿದ್ದರು. ಹೋದ ತಿಂಗಳು ಡಾಕ್ಟರು ಮೆಟ್ಟಿಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ ಸ್ಕೂಟರಿನ ಆಸರೆಯೂ ಹೋಯಿತು. ಟೀಚರು ರಜದ ಮೇಲೆ ರಜ ಹಾಕಿದ್ದರು. ತಿಂಗಳ ಕೊನೆಯೊಳಗೆ ಬಂದು ಪಾಠ ಶುರು ಮಾಡದಿದ್ದರೆ ಕೆಲಸ ಬೇರೆಯವರಿಗೆ ಎಂದು ಶಾಲೆಯವರು ಹೇಳಿಯಾಗಿತ್ತು.

"ಇಪ್ಪತ್ತೇಳು ವರ್ಷದ ಕೆಲಸ. ಅದು ಹೋದ್ರೆ ಅವಳು ಮನೆಯಿಂದ ಆಚೆ ಬರೋದೇ ನಿಲ್ಲಿಸ್ತಾಳೆ. ನನಗೆ ಅದೇ ಭಯ" ಎಂದರು ಡಾಕ್ಟರು.

"ತೆರೆದಿದ್ರೆ ಕೂರ್ತಾರೆ ಸರಿ. ಮಳೆ ಬಂದ್ರೆ?"

"ಅದಕ್ಕೇ ಬೇಗ ಮುಚ್ಚೋ ಕಾರು ಬೇಕು. ಹಲ್ಲು ಕೀಳೋ ಹಾಗೆ. ಪೇಷಂಟಿಗೆ ಗೊತ್ತಾಗೋಷ್ಟರಲ್ಲಿ ಮುಗಿದುಹೋಗ್ಬೇಕು."

ಮುಚ್ಚಳದಕ್ಕನಿಗೆ ಈ ಮಾತು ಬಹಳ ಹಿಡಿಸಿತು. ಬೇಗ ಮುಚ್ಚುವ ಛಾವಣಿಯೇ ಒಳ್ಳೆಯ ಛಾವಣಿ ಎಂದು ಅವಳೂ ನಂಬಿದ್ದಳು. ಹೀಗೆ ತಮ್ಮ ತಮ್ಮ ಕಸುಬಿನಲ್ಲಿ ಪಳಗಿದ ಇಬ್ಬರು ಜಾಣರು ಸೇರಿ, ಕಾರಿನಲ್ಲಿ ಕೂರಬೇಕಾದವರನ್ನು ಒಂದು ಮಾತು ಕೇಳದೆ ತೀರ್ಮಾನಕ್ಕೆ ಬಂದರು.

ಕಾರು ಪರೀಕ್ಷೆ ಮಾಡುವುದಕ್ಕೆ ಅವಳದೇ ಒಂದು ಕ್ರಮವಿತ್ತು. ಕಾರಿನ ಗುಣ ತಿಳಿಯಬೇಕಾದರೆ ಅದರ ಜೊತೆ ಒಂದು ದಿನ ಸಂಸಾರ ಮಾಡಬೇಕು ಎನ್ನುತ್ತಿದ್ದಳು. ಅಂಗಡಿಯವನಿಂದ ದಿನಕ್ಕೊಂದರಂತೆ ಕಾರು ತಂದಳು. ತರಕಾರಿ ತರುವುದು, ಗ್ಯಾಸ್ ಸಿಲಿಂಡರ್ ಬದಲಾಯಿಸುವುದು, ಗಂಡನನ್ನು ಅಂಚೆ ಕಚೇರಿಗೆ ಬಿಡುವುದು, ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲವೂ ಅದರಲ್ಲೇ. ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಳು.

ಮೊದಲು ಬಂದದ್ದು ಬೂದು ಬಣ್ಣದ್ದು. ಮುಚ್ಚಿದರೆ ಒಳಗೆ ಉಸಿರಾಡುವ ಸದ್ದೂ ಕೇಳುವಷ್ಟು ನಿಶ್ಶಬ್ದ, ಹಳ್ಳದಲ್ಲಿ ಇಳಿದದ್ದೇ ತಿಳಿಯದಷ್ಟು ಮೆತ್ತಗೆ. ಆದರೆ ಛಾವಣಿ ಮಡಚಿ ಡಿಕ್ಕಿ ಸೇರಿದ ಮೇಲೆ ಅಲ್ಲಿ ಒಂದು ಟವೆಲ್ಲಿಗಷ್ಟೇ ಜಾಗ ಉಳಿಯುತ್ತಿತ್ತು. ತರಕಾರಿ ಚೀಲ ಅತ್ತೆಯ ತೊಡೆಯೇರಿತು. ಹಿಂದಿನ ಸೀಟಿನಲ್ಲಿ ಅತ್ತೆಯ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು.

"ನಾನು ಕೂತಿದೀನೋ ನನ್ನನ್ನ ಮಡಚಿಟ್ಟಿದೀಯೋ?" ಎಂದರು ಅತ್ತೆ. ಅವಳು ಅದನ್ನು ಹಾಗೇ ಬರೆದುಕೊಂಡಳು.

ಎರಡನೆಯದು ಕೆಂಪು. ಗುಂಡಿಯನ್ನು ಒಮ್ಮೆ ಮುಟ್ಟಿದರೆ ಸಾಕು, ಹದಿನಾಲ್ಕು ಸೆಕೆಂಡಿನಲ್ಲಿ ಎಲ್ಲ ತಾನೇ ಮುಚ್ಚಿಕೊಂಡು ಟಪ್ ಎನ್ನುತ್ತಿತ್ತು. ಮೈ ತಗ್ಗಾದದ್ದರಿಂದ ಪ್ರತಿ ರಸ್ತೆ ಉಬ್ಬಿನಲ್ಲೂ ಹೊಟ್ಟೆ ಉಜ್ಜುತ್ತಿತ್ತು, ನಿಜ. ಆದರೂ ಆ ಹದಿನಾಲ್ಕು ಸೆಕೆಂಡಿನ ಅಂದಕ್ಕೆ ಅವಳು ಮಾರುಹೋದಳು. ಸಂಜೆಯೊಳಗೆ ಮೂವತ್ತು ಸಲ ಮುಚ್ಚಿ ತೆರೆದಳು.

ಮೂರನೆಯದು ಬಿಳಿ, ಮೂರರಲ್ಲಿ ಮುದುಕ. ಡಿಕ್ಕಿ ದೊಡ್ಡದು, ಹಿಂದಿನ ಸೀಟಿನಲ್ಲಿ ಅತ್ತೆ ಕಾಲು ಚಾಚಿ ನಿದ್ದೆಯನ್ನೇ ಹೊಡೆದರು. ಛಾವಣಿ ಮಾತ್ರ ಶುದ್ಧ ಸೋಮಾರಿ. ಮುಚ್ಚುವುದಕ್ಕೆ ಇಪ್ಪತ್ತಾರು ಸೆಕೆಂಡು, ಅದೂ ಮುಗಿಯುವವರೆಗೂ ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು. ಬೆರಳು ಎತ್ತಿದರೆ ಇದ್ದಲ್ಲೇ ನಿಂತುಬಿಡುತ್ತಿತ್ತು. ಮಳೆ ಬಿದ್ದರೆ ಒಳಗೆ ಪಟಪಟ ಸದ್ದು ಬೇರೆ. ನೋಟ್‌ಬುಕ್ಕಿನಲ್ಲಿ ದೋಷ ಎಂದು ಗೆರೆ ಎಳೆದು ಮೂರನ್ನೂ ಬರೆದಳು: ನಿಧಾನ, ಒತ್ತಿ ಹಿಡಿಯಬೇಕು, ಮಳೆ ಸದ್ದು. ಕೆಂಪಿಗೆ ಗುರುತು ಹಾಕಿದಳು.

ಶನಿವಾರ ಡಾಕ್ಟರು ಹೆಂಡತಿಯನ್ನು ಕರೆತಂದರು. ಮನೆಯಿಂದ ಶೆಡ್ಡಿಗೆ ನಡೆದೇ ಬಂದಿದ್ದರು. ಟೀಚರು ಸಣ್ಣಗಿದ್ದರು, ನೆಟ್ಟಗಿದ್ದರು, ಸೀಮೆಸುಣ್ಣ ಹಿಡಿದು ಅಭ್ಯಾಸವಾದ ಬೆರಳುಗಳು ಸುಮ್ಮನಿರುವಾಗಲೂ ಏನನ್ನೋ ಹಿಡಿದಂತಿದ್ದವು. ತೆರೆದ ಕೆಂಪು ಕಾರಿನಲ್ಲಿ ಮುಂದೆ ಕುಳಿತು, ಮುಚ್ಚಳದಕ್ಕ ಓಡಿಸುತ್ತಿದ್ದಾಗ, ಗಾಳಿಗೆ ಕೂದಲು ಕೆದರಿದ್ದನ್ನೂ ಮರೆತು ನಕ್ಕರು. ಹಿಂದೆ ಮುದುಡಿ ಕುಳಿತಿದ್ದ ಡಾಕ್ಟರ ಮುಖ ಅರಳಿತು. ಅಷ್ಟರಲ್ಲಿ ನಾಲ್ಕು ಹನಿ ಬಿತ್ತು. ಮುಚ್ಚಳದಕ್ಕ ಕಾರನ್ನು ಶೆಡ್ಡಿನ ಅಂಗಳದಲ್ಲಿ ನಿಲ್ಲಿಸಿ, "ನೋಡ್ತಾ ಇರಿ ಟೀಚರ್, ಕಣ್ಣು ಮಿಟುಕಿಸೋದ್ರೊಳಗೆ" ಎಂದು ಗುಂಡಿ ಮುಟ್ಟಿದಳು.

ಛಾವಣಿ ಎದ್ದಿತು. ಟೀಚರ ನಗು ಆರಿತು. "ಬೇಡ, ನಿಲ್ಲಿಸಿ" ಎಂದರು. ಮುಚ್ಚಳದಕ್ಕ ಮತ್ತೆ ಗುಂಡಿ ಒತ್ತಿದಳು. ಅದು ನಿಲ್ಲುವ ಜಾತಿಯದಲ್ಲ, ಶುರು ಮಾಡಿದ್ದನ್ನು ಮುಗಿಸಿಯೇ ತೀರುವಂಥದ್ದು. "ನಿಲ್ಲಿಸಿ!" ಎಂದು ಕೂಗುತ್ತಾ ಟೀಚರು ಬಾಗಿಲು ತಡಕಾಡಿದರು. ಟಪ್ ಎಂದು ಮುಚ್ಚಿತು. ಮುಚ್ಚಳದಕ್ಕ ಆ ಕಡೆ ಬಾಗಿ ಬಾಗಿಲು ತೆಗೆದಳು. ಟೀಚರು ಇಳಿದು ಓಡಿ, ಬೋರಲು ಹಾಕಿದ್ದ ಡ್ರಮ್ಮಿನ ಮೇಲೆ ಕುಳಿತು, ಮಳೆಯಲ್ಲಿ ನೆನೆಯುತ್ತಾ ಏದುಸಿರು ಬಿಟ್ಟರು.

ಮುಚ್ಚಳದಕ್ಕನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೊಡೆ ಹಿಡಿದು ಪಕ್ಕದಲ್ಲಿ ನಿಂತಳು. ಕೊಡೆಯೂ ಮುಚ್ಚಳವೇ ಎಂದು ಹೊಳೆದು ತಟ್ಟನೆ ಮಡಚಿದಳು. ಹೇಳಬೇಕಾದದ್ದು ಕ್ಷಮಿಸಿ ಎಂಬ ಮಾತು. ಆದರೆ ಹುಟ್ಟುಗುಣ ಎಲ್ಲಿಗೆ ಹೋದೀತು?

"ಟೀಚರ್, ತಪ್ಪು ತಿಳ್ಕೋಬೇಡಿ. ಹೆದರಿಕೆ ಯಾವಾಗ ಶುರುವಾಯ್ತು? ಛಾವಣಿ ಎದ್ದಾಗಲೋ, ಅರ್ಧಕ್ಕೆ ಬಂದಾಗಲೋ, ಮುಚ್ಚಿದ ಮೇಲೋ?"

"ಏನ್ರೀ ನೀವು! ಅವಳು ಈ ಸ್ಥಿತೀಲಿ ಇರೋವಾಗ..." ಎಂದು ಡಾಕ್ಟರು ಸಿಡುಕಿದರು.

ಟೀಚರು ಕೈಯೆತ್ತಿ ಗಂಡನನ್ನು ಸುಮ್ಮನಾಗಿಸಿದರು. ಎರಡು ವರ್ಷದಲ್ಲಿ ಎಲ್ಲರೂ ಅವರಿಗೆ ಧೈರ್ಯ ಹೇಳಿದ್ದರು. ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಲೆಕ್ಕ ಬಿಡಿಸುವವರ ಹಾಗೆ ನೆಲ ನೋಡಿದರು.

"ಎದ್ದಾಗ ಅಲ್ಲ. ನಿಲ್ಲಿಸಿ ಅಂದೆ, ಅದು ನಿಲ್ಲಲಿಲ್ಲವಲ್ಲ, ಆಗ. ಲಿಫ್ಟಲ್ಲೂ ಹಾಗೇ ಆಗಿತ್ತು. ಇದ್ದಬದ್ದ ಗುಂಡಿನೆಲ್ಲ ಒತ್ತಿದೆ. ಒಂದೂ ನನ್ನ ಮಾತು ಕೇಳಲಿಲ್ಲ."

ಮುಚ್ಚಳದಕ್ಕ ಅಂಗಡಿಗೆ ಇನ್ನೂ ಹಿಂದಿರುಗಿಸದೆ ಶೆಡ್ಡಿನೊಳಗಿಟ್ಟಿದ್ದ ಬಿಳಿ ಕಾರಿನ ಬಳಿ ಹೋಗಿ, ಛಾವಣಿ ತೆರೆದಿಟ್ಟು, ಟೀಚರನ್ನು ಕರೆದಳು.

"ಒಳಗೆ ಕೂರಿ ಅಂತ ಹೇಳಲ್ಲ. ಹೊರಗೇ ನಿಂತು ಕೈ ಚಾಚಿ. ಈ ಗುಂಡಿ ಒತ್ತಿ ಹಿಡಿದ್ರೆ ಮುಚ್ಚುತ್ತೆ, ಇದನ್ನ ಹಿಡಿದ್ರೆ ತೆರೆಯುತ್ತೆ. ಬೇಡ ಅನ್ನಿಸಿದ್ರೆ ಬೆರಳೆತ್ತಿ, ಅಷ್ಟೇ."

ಟೀಚರು ಒತ್ತಿದರು. ಛಾವಣಿ ಮೈಮುರಿಯುತ್ತಾ ಎದ್ದಿತು. ಬೆರಳೆತ್ತಿದರು. ಗಾಳಿಯಲ್ಲೇ ನಿಂತಿತು. ಅದನ್ನೇ ಕಣ್ಣು ಕಿರಿದು ಮಾಡಿ ನೋಡಿದರು. ತೆರೆದರು, ಒತ್ತಿದರು, ನಿಲ್ಲಿಸಿದರು. ನಾಲ್ಕನೇ ಸಲಕ್ಕೆ ಅವರ ತುಟಿ ಓರೆಯಾಯಿತು. ತುಂಟ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವಾಗಿನ ನಗೆ ಅದು ಎಂದು ಡಾಕ್ಟರು ಆಮೇಲೆ ಹೇಳಿದರು. ಹನ್ನೊಂದನೇ ಸಲಕ್ಕೆ ಬ್ಯಾಟರಿ ಸತ್ತು ಛಾವಣಿ ಅರ್ಧಕ್ಕೆ ನಿಂತಿತು.

"ಈಗ?" ಎಂದರು ಟೀಚರು. ದನಿ ಮತ್ತೆ ಬಿಗಿಯಾಗಿತ್ತು.

"ಈಗ ಇದು." ಮುಚ್ಚಳದಕ್ಕ ಡಿಕ್ಕಿಯ ಒಳಬದಿಯ ತಿರುಪೊಂದನ್ನು ಸಡಿಲಿಸಿ, ಛಾವಣಿಯನ್ನು ಎರಡೂ ಕೈಯಿಂದ ಎತ್ತಿ ಹಿಂದಕ್ಕೆ ಮಲಗಿಸಿದಳು. "ಕರೆಂಟಿಲ್ಲದಿದ್ರೂ ಕೈ ಮಾತು ಕೇಳುತ್ತೆ."

"ಅದನ್ನೂ ನನಗೆ ಕಲಿಸಿ."

ಮುಂದಿನ ಒಂಬತ್ತು ದಿನ ಟೀಚರು ಬೆಳಿಗ್ಗೆ ಬೆಳಿಗ್ಗೆ ಶೆಡ್ಡಿಗೆ ಬಂದರು. ಮೊದಲು ಬಾಗಿಲು ತೆರೆದಿಟ್ಟು ಸೀಟಿನಲ್ಲಿ ಕುಳಿತರು, ಮರುದಿನ ಬಾಗಿಲು ಮುಚ್ಚಿ. ಆಮೇಲೆ ಛಾವಣಿಯನ್ನು ಕಾಲು ಭಾಗಕ್ಕೆ ತಂದರು, ಅರ್ಧಕ್ಕೆ ತಂದರು, ಮುಕ್ಕಾಲಿಗೆ ತಂದರು. ಒಂದು ದಿನ ಮತ್ತೆ ಕಾಲು ಭಾಗಕ್ಕೇ ಇಳಿದು ಕಣ್ಣೀರು ಹಾಕಿದರು. ಮುಚ್ಚಳದಕ್ಕ ಸಮಾಧಾನ ಹೇಳಲಿಲ್ಲ, ಇವತ್ತು ಎಲ್ಲಿ ತಡೆಯಿತು ಎಂದಷ್ಟೇ ಕೇಳಿ, ಬರೆಯಲು ತನ್ನ ನೋಟ್‌ಬುಕ್ಕನ್ನೇ ಅವರ ಕೈಗಿತ್ತಳು. ಡಾಕ್ಟರು ಡ್ರಮ್ಮಿನ ಮೇಲೆ ಕುಳಿತು ಉಗುರು ಕಚ್ಚಿದರು. ಒಂಬತ್ತನೇ ದಿನ ಛಾವಣಿಗೂ ಗಾಜಿಗೂ ನಡುವೆ ಅಂಗೈಯಗಲದ ಸಂದಿ ಉಳಿಯಿತು. ಅದರಾಚೆಗೆ ಬೆರಳು ಒತ್ತಲು ಒಪ್ಪಲಿಲ್ಲ. ಸಂಜೆ ಡಾಕ್ಟರು ಅಂಗಡಿಗೆ ದುಡ್ಡು ಕಟ್ಟಿ ಬಿಳಿ ಕಾರನ್ನು ಮನೆಗೆ ಒಯ್ದರು.

ಮರುದಿನವೇ ತಿಂಗಳ ಕೊನೆ. ಬೆಳಗಾಗುತ್ತಲೇ ಮಳೆ ಜಡಿಯಿತು. ಮುಚ್ಚಳದಕ್ಕನಿಗೆ ಶೆಡ್ಡಿನಲ್ಲಿ ನಿಂತಲ್ಲಿ ನಿಲ್ಲಲಾಗಲಿಲ್ಲ, ಬಸ್ಸು ಹತ್ತಿ ಶಾಲೆಯ ಎದುರಿಗೆ ಹೋಗಿ ಕೊಡೆ ಹಿಡಿದು ನಿಂತಳು. ಕೆಂಪಿಗೆ ಗುರುತು ಹಾಕಿದ ಕೈಯನ್ನು ಮನಸ್ಸಿನಲ್ಲೇ ಬೈದುಕೊಂಡಳು. ಅವರು ಬರದಿದ್ದರೆ ತಾನು ಏನು ಮಾಡಬಲ್ಲೆ ಎಂದು ಯೋಚಿಸಿದಳು. ಏನೂ ಹೊಳೆಯಲಿಲ್ಲ.

ಎಂಟೂವರೆಗೆ ಬಿಳಿ ಕಾರು ಬಂತು. ಛಾವಣಿ ಪೂರ್ತಿ ಮುಚ್ಚಿತ್ತು.

ಗೇಟಿನ ಬಳಿ ನಿಂತಿತು. ಯಾರೂ ಇಳಿಯಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ಗಾಜಿನ ಮೇಲೆ ನೀರು ಹರಿದು ಒಳಗೇನೂ ಕಾಣುತ್ತಿರಲಿಲ್ಲ. ಮುಚ್ಚಳದಕ್ಕ ರಸ್ತೆ ದಾಟಿ ಓಡಿ ಕಿಟಕಿ ಬಡಿದಳು.

ಗಾಜು ಇಳಿಯಿತು. ಚಾಲಕನ ಸೀಟಿನಲ್ಲಿ ಡಾಕ್ಟರು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದರು. ಕಣ್ಣಲ್ಲಿ ನೀರಿತ್ತು. ಪಕ್ಕದಲ್ಲಿ ಟೀಚರು ತಲೆ ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದ್ದರು. ಮುಖ ಬಿಳಿಚಿಕೊಂಡಿತ್ತು, ಬಲಗೈ ಇನ್ನೂ ಗುಂಡಿಯ ಪಕ್ಕದಲ್ಲೇ ಇತ್ತು.

"ಟೀಚರ್, ಏನಾಯ್ತು? ತೆರೀಲಾ?"

"ಬೇಡ. ಮಳೆ ಸದ್ದು ಕೇಳ್ತಾ ಇದೀನಿ" ಎಂದರು ಟೀಚರು ಕಣ್ಣು ತೆರೆಯದೆ. "ನೆನೆಯದೆ ಮಳೆ ಕೇಳಿ ಎರಡು ವರ್ಷ ಆಯ್ತು."

ಛಾವಣಿಯ ಮೇಲೆ ಹನಿ ಬೀಳಲೆಂದು ಮುಚ್ಚಳದಕ್ಕ ತನ್ನ ಕೊಡೆಯನ್ನು ಪಕ್ಕಕ್ಕೆ ಸರಿಸಿದಳು. ಶಾಲೆಯಲ್ಲಿ ಗಂಟೆ ಹೊಡೆಯಿತು. ಟೀಚರು ಕಣ್ಣು ತೆರೆದು, ಚೀಲ ಹೆಗಲಿಗೇರಿಸಿ, ಇಳಿದು ಅವಳ ಕೊಡೆಯ ಕೆಳಗೆ ಬಂದು ನಿಂತರು. ಇಬ್ಬರೂ ಗೇಟಿನವರೆಗೆ ನಡೆದರು. ಅಲ್ಲಿ ಟೀಚರು ತಿರುಗಿದರು.

"ನಿಮ್ಮ ನೋಟ್‌ಬುಕ್ಕಲ್ಲಿ ಒಂದು ತಪ್ಪಿದೆ. ಮುಚ್ಚೋಕೆ ಇಪ್ಪತ್ತಾರು ಸೆಕೆಂಡು ಅಂತ ಬರೆದಿದೀರಿ. ಇಪ್ಪತ್ತೆಂಟು. ಬೆರಳೆತ್ತದೆ ನಾನೇ ಎಣಿಸಿದೀನಿ."