ಸಾಹೇಬರ ಜೀಪಿನಲ್ಲಿ ನಾನಿದ್ದೆ

ನಮ್ಮ ಕಡೆಯ ಮುಖಂಡರೊಬ್ಬರು ತೀರಿಕೊಂಡು ವರ್ಷವಾದಾಗ ಯರಗಟ್ಟಿಯ ಕಲ್ಯಾಣ ಮಂಟಪದಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಸಾಹೇಬರು ಎಂದರೆ ಅವರೇ. ನಾನು ನಿವೃತ್ತ ನರ್ಸು, ಸವದತ್ತಿ ತಾಲೂಕಿನ ಹಳ್ಳಿಯೊಂದರ ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುತ್ತ ಮುದುಕಿಯಾದವಳು. ನನ್ನನ್ನು ಮಾತಾಡಲು ಕರೆದದ್ದು ಒಂದೇ ಕಾರಣಕ್ಕೆ. ಆ ಜೀಪಿನಲ್ಲಿ ನಾನಿದ್ದೆ.

ಜೀಪಿನ ಕಥೆ ನಮ್ಮ ಭಾಗದಲ್ಲಿ ಎಲ್ಲರಿಗೂ ಬಾಯಿಪಾಠ. ಹೆರಿಗೆ ಬೇನೆ ತಿನ್ನುತ್ತಿದ್ದ ಬಡ ಹೆಣ್ಣುಮಗಳನ್ನು ಕಂಡು ಸಾಹೇಬರು ಜೀಪಿನಿಂದ ಇಳಿದರಂತೆ, ಅವಳನ್ನು ಸವದತ್ತಿಗೆ ಕಳಿಸಿ ತಾವು ಬಿಸಿಲಲ್ಲಿ ನಡೆದೇ ಹೋದರಂತೆ. ಹೇಳುವವರು ಹೆಚ್ಚಿದಂತೆ ನಡೆದ ದಾರಿಯೂ ಉದ್ದವಾಯಿತು. ಈಚಿನ ಕಥೆಯಲ್ಲಿ ಅವರ ಕಾಲಲ್ಲಿ ಚಪ್ಪಲಿಯೂ ಇಲ್ಲ.

ನಡೆದದ್ದು ಬೇರೆ. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಅವತ್ತು ಬೆಳಿಗ್ಗೆ ಸಾಹೇಬರ ಕಡೆಯವರು ಬಂದು ದವಾಖಾನೆಯ ಆಂಬುಲೆನ್ಸ್ ಒಯ್ದರು. ಹೂಲಿಯಲ್ಲಿ ಸಭೆ, ಕುರ್ಚಿ, ಮೈಕು ಸಾಗಿಸಬೇಕಿತ್ತು.

"ಹಡಿಯಾಕ ಒಬ್ಬಾಕಿ ಬಂದಾಳ್ರಿ, ಗಾಡಿ ಬೇಕಾಗತೈತಿ" ಎಂದೆ.

"ಮಧ್ಯಾಹ್ನದೊಳಗ ತಂದ ನಿಂದ್ರಸ್ತೇವಿ, ಸುಮ್ನಿರ್ರಿ ನರ್ಸಬಾಯಾರ" ಎಂದು ಹೋದರು.

ಮಧ್ಯಾಹ್ನ ದಾಟಿತು. ಕೂಸು ಅಡ್ಡ ತಿರುಗಿತ್ತು, ನನ್ನ ಕೈಯಲ್ಲಿ ಆಗುವ ಹೆರಿಗೆಯಲ್ಲ. ಅವಳನ್ನು ಎತ್ತಿನ ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೊರಟೆವು. ಡಾಂಬರು ರಸ್ತೆ ಹತ್ತುವಾಗ, ಸಭೆ ಮುಗಿಸಿ ಬರುತ್ತಿದ್ದ ಸಾಹೇಬರ ಜೀಪು ಕಂಡಿತು. ನಾನು ರಸ್ತೆಗೆ ಅಡ್ಡ ನಿಂತೆ. ಅವರು ಇಳಿದರು, ಅದು ಸುಳ್ಳಲ್ಲ. "ನಮ್ಮ ಆಂಬುಲೆನ್ಸ್ ಎಲ್ಲೈತ್ರಿ ಸಾಹೇಬ್ರ?" ಎಂದು ಕೇಳಿದೆ. ಜೀಪನ್ನು ನಮಗೆ ಬಿಟ್ಟು, ಹಿಂದೆ ಬರುತ್ತಿದ್ದ ತಮ್ಮವರ ಕಾರು ಹತ್ತಿ ಹೋದರು. ಸವದತ್ತಿಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಇಬ್ಬರೂ ಉಳಿದರು.

ಇದನ್ನೇ ನಾನು ಮೈಕಿನ ಮುಂದೆ ಹೇಳಿದೆ. ಅಲ್ಲಿಯವರೆಗೆ ಮಾತಾಡಿದ ಆರು ಮಂದಿ ಸಾಹೇಬರನ್ನು ದೇವರ ಪಕ್ಕಕ್ಕೆ ಕೂರಿಸಿ ಆಗಿತ್ತು. ಆಂಬುಲೆನ್ಸ್ ಎನ್ನುವ ಶಬ್ದ ಬಾಯಿಂದ ಬಿದ್ದ ಕೂಡಲೇ ಹಿಂದಿನ ಸಾಲಿನವರು ಎದ್ದರು. "ಇಳಸ್ರೀ ಆಕೀನ್ನ" ಎಂದು ಒಬ್ಬ ಕೂಗಿದ. ಸಂಘಟಕರು ಮೈಕು ಕಸಿದುಕೊಂಡರು.

"ನಿಮ್ಮಂಥಾವ್ರನ್ನ ಸ್ಟೇಜ್ ಮ್ಯಾಲ ಕುಂದ್ರಿಸಿದ್ದ ನಮ್ಮ ತಪ್ಪಾತು."

ನಿಮ್ಮಂಥವರು ಎಂದರೆ ನರ್ಸುಗಳು ಎಂದಲ್ಲ. ನಮ್ಮದು ಊರ ಹೊರಗಿನ ಕೇರಿಯಲ್ಲಿ ಬುದ್ಧನ ಫೋಟೋ ಇರುವ ಮನೆ. ಆ ಮಾತಿನ ಅರ್ಥ ನನಗೆ ಶಾಲೆಗೆ ಹೋಗುವಾಗಿನಿಂದ ಗೊತ್ತು. ಮೆಟ್ಟಿಲನ್ನು ನಿಧಾನವಾಗಿಯೇ ಇಳಿದೆ.

ಅವತ್ತು ಹಡೆದವಳು ಮುಂದಿನ ಸಾಲಿನಲ್ಲಿ ಮಗನ ಪಕ್ಕ ಕುಳಿತಿದ್ದಳು, ಹೆಗಲ ಮೇಲೆ ಸನ್ಮಾನದ ಶಾಲು. ಹೊರಗೆ ನಾನು ಚಪ್ಪಲಿ ಹುಡುಕುವಾಗ ಹಿಂದೆಯೇ ಬಂದಳು.

"ಬಾಯಾರ, ಆಂಬುಲೆನ್ಸ್ ಯಾರು ಒಯ್ದಿದ್ರು ಅಂತ ನನಗೂ ಗೊತ್ತೈತ್ರಿ."

"ಮತ್ತ ಒಳಗ ಯಾಕ ಹೇಳ್ಲಿಲ್ಲ?"

"ಹೇಳಿ ಏನ್ ಮಾಡ್ಲಿ? ಊರಾಗ ನನ್ನ ಸಾಹೇಬ್ರ ಜೀಪಿನ್ಯಾಕಿ ಅಂತಾರು. ಗೌಡರ ಮನ್ಯಾಗೂ ಕರದು ಕುಂದ್ರಸ್ತಾರು. ಅದೊಂದ ಮರ್ಯಾದಿ ಐತಿ ನನಗ. ಅದನ್ನೂ ಕಸಗೋಬೇಕಂತ ಬಂದೀರೇನು?"

ನನಗೆ ಸಾಹೇಬರ ಮೇಲಿದ್ದ ಸಿಟ್ಟಿಗಿಂತ ಹೆಚ್ಚಿನದು ಅವಳ ಮೇಲೆ ಬಂತು. "ಸತ್ತಿದ್ರ ನಿನಗ ಯಾವ ಮರ್ಯಾದಿ ಸಿಗತಿತ್ತು?" ಎಂದೆ. ಅವಳು ಶಾಲು ಸರಿಮಾಡಿಕೊಂಡು ಒಳಗೆ ಹೋದಳು. ಆ ಮಾತು ಆಡಬಾರದಿತ್ತೇನೋ ಎಂದು ಬಸ್ಸಿನಲ್ಲಿ ಅನಿಸಿತು. ಮನೆ ಮುಟ್ಟುವಷ್ಟರಲ್ಲಿ ಹಾಗೇನೂ ಅನಿಸಲಿಲ್ಲ.

ಆಮೇಲೆ ಸಂತೆಯಲ್ಲಿ ಜನ ನನ್ನ ಕಂಡರೆ ಮುಖ ತಿರುಗಿಸತೊಡಗಿದರು. ಅವರಲ್ಲಿ ಅರ್ಧ ಮಂದಿಯ ಹೊಕ್ಕಳಬಳ್ಳಿ ಕೊಯ್ದವಳು ನಾನು. ಸಾಹೇಬರು ಒಳ್ಳೆಯದನ್ನು ಮಾಡಲೇ ಇಲ್ಲ ಎಂದು ನಾನು ಹೇಳಿರಲಿಲ್ಲ. ಆದರೆ ಪೂರ್ತಿ ದೇವರು ಎನ್ನದಿದ್ದರೆ ಪೂರ್ತಿ ವೈರಿಯ ಮಾತು ಎಂದೇ ಅವರ ಲೆಕ್ಕ. ನಡುವೆ ನಿಲ್ಲಲು ಜಾಗವೇ ಇಲ್ಲ.

ಈ ವರ್ಷದ ಕಾರ್ಯಕ್ರಮಕ್ಕೆ ನನ್ನನ್ನು ಕರೆಯಲಿಲ್ಲ. ನನ್ನ ಬದಲಿಗೆ, ಜೀಪಿನಲ್ಲಿದ್ದವಳೆಂದು ಬೇರೊಬ್ಬ ನರ್ಸನ್ನು ಹುಡುಕಿ ತಂದಿದ್ದರಂತೆ. ಆ ಹೆರಿಗೆಯಾದಾಗ ಆಕೆ ನೌಕರಿಗೇ ಸೇರಿರಲಿಲ್ಲ. ನೈಸರಗಿಯಲ್ಲಿರುವ ನನ್ನ ತಮ್ಮ ಕಾರ್ಯಕ್ರಮ ಮುಗಿಸಿಕೊಂಡು ನೇರ ನಮ್ಮ ಮನೆಗೆ ಬಂದ.

"ಭಾಳ ಚಲೋ ಮಾತಾಡಿದ್ಲು ಬಿಡಕ್ಕಾ" ಎಂದ. "ಮಂದಿ ಅತ್ತಬಿಟ್ರು."

"ನೀನೂ ಅತ್ತೇನು?"

"ಸ್ವಲ್ಪ" ಎಂದ.

ಅವನಿಗೆ ನಾನು ಚಹಾ ಕೊಡಲಿಲ್ಲ.