ನರ್ಸರಿಯಕ್ಕನಿಗೆ ಓದದೆ ಬಿಟ್ಟ ಸಾಲು

ಮೊನ್ನೆ ಸುಂಟಿಕೊಪ್ಪದ ಬಸ್ಸಿನಲ್ಲಿ ಯಾರೋ ಕಾಫಿ ಸಸಿಗಳ ಚೀಲವನ್ನು ನನ್ನ ಕಾಲ ಬುಡದಲ್ಲಿಟ್ಟರು. ಹಸಿ ಕಾಡುಮಣ್ಣು, ಕೊಟ್ಟಿಗೆ ಗೊಬ್ಬರದ ವಾಸನೆ ಮೂಗಿಗೆ ಬಡಿದದ್ದೇ ತಡ, ನರ್ಸರಿಯಕ್ಕ ನೆನಪಾದರು…

ನಮ್ಮೂರ ಎಸ್ಟೇಟಿನ ಕಾಫಿ ನರ್ಸರಿಗೆ ಆಗ ಅವರದೇ ಉಸ್ತುವಾರಿ. ಕಾಲೇಜಿನ ರಜೆಯಲ್ಲಿ ನಾನೂ ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ನೀರು ಹಾಕಲು ನಿಂತರೆ ಬೈಗುಳ ಗ್ಯಾರಂಟಿ. "ಏ ಕೂಸೇ, ನೆತ್ತಿ ಮೇಲೆ ಸುರೀಬೇಡ, ಬೇರು ಎದ್ದು ಬರ್ತದೆ! ಪಕ್ಕದಿಂದ ಬಿಡು." ಈಗ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಕೋಶಗಳಿಗೆ ಪೋಷಕ ದ್ರವ ಹಾಕುವಾಗಲೂ ಹಾಗೆಯೇ ಮಾಡುತ್ತೇನೆ, ತಟ್ಟೆಯ ಅಂಚಿನಿಂದ ಮೆಲ್ಲಗೆ. ನರ್ಸರಿಯಲ್ಲಿ ಕಲಿತದ್ದು ಎಂದರೆ ನಮ್ಮ ಸರ್ ನಂಬಲಿಲ್ಲ.

ಅಕ್ಕನಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಎಳೆ ಬೇರು ತುಂಡಾಗದಂತೆ ಸಸಿ ನೆಡುತ್ತಿದ್ದ ಕೈಗೆ ಚಹಾದ ಲೋಟ ಹಿಡಿಯಲೂ ಆಗದಾಯಿತು. ಮನೆಯವರು ಕೆಲಸ ಬಿಡಿಸಿ ಕೂರಿಸಿದರು. ನಮ್ಮ ಲ್ಯಾಬಿನಲ್ಲಿ ನಡೆಯುತ್ತಿದ್ದದ್ದೂ ಅದೇ ಕಾಯಿಲೆಯ ಸಂಶೋಧನೆ: ರೋಗಿಯ ರಕ್ತದಿಂದ, ಯಾವ ಕೋಶವಾಗಿಯೂ ಬೆಳೆಯಬಲ್ಲ ಕಾಂಡಕೋಶ ಮಾಡಿ, ಅದರಿಂದ ಮಿದುಳಿನ ನರಕೋಶ ಬೆಳೆಸಿ, ಅವು ಕೆಡುವುದು ಎಲ್ಲಿಂದ ಶುರು ಎಂದು ನೋಡುವುದು. ರಕ್ತ ಕೊಡುತ್ತೀರಾ ಅಕ್ಕ ಎಂದು ನಾನೇ ಕೇಳಿದೆ.

ಅವರಿಗೆ ಓದು ಬಾರದು. ಒಪ್ಪಿಗೆ ಪತ್ರವನ್ನು ನಾನೇ ಓದಿ ಹೇಳಬೇಕಿತ್ತು. ಅರ್ಧಕ್ಕೇ ತಡೆದರು.

"ಸಾಕು ಬಿಡು, ನೀ ಹೇಳಿದ್ಮೇಲೆ ಮುಗೀತು. ಮುಂದಿನ ಸಲ ಸಸಿ ನೆಡೋ ಹೊತ್ತಿಗೆ ಕೈ ಸರಿ ಆಗ್ತದಲ್ಲಾ?"

ಓದಬೇಕಿದ್ದ ಮುಂದಿನ ಸಾಲೇ ಅದಕ್ಕೆ ಉತ್ತರವಾಗಿತ್ತು: ಇದರಿಂದ ನಿಮ್ಮ ಕಾಯಿಲೆ ವಾಸಿಯಾಗುವುದಿಲ್ಲ. ನನ್ನ ನಾಲಿಗೆಗೆ ಏನಾಗಿತ್ತೋ! "ನೋಡುವ ಅಕ್ಕ" ಎಂದುಬಿಟ್ಟೆ. ನಡುಗುತ್ತಿದ್ದ ಅವರ ಹೆಬ್ಬೆರಳನ್ನು ಹಿಡಿದು ಪತ್ರದ ಮೇಲೆ ಒತ್ತಿಸಿದ್ದೂ ನಾನೇ.

ಊರಿಗೆ ಹೋದಾಗಲೆಲ್ಲ ಲ್ಯಾಬಿನಲ್ಲಿ ಬೆಳೆಯುತ್ತಿದ್ದ ತಮ್ಮ ಕೋಶಗಳ ಬಗ್ಗೆ ಕೇಳುತ್ತಿದ್ದರು, "ನನ್ನ ಸಸಿ ಹೇಗುಂಟು ಕೂಸೇ?" ಚೆನ್ನಾಗಿವೆ ಎನ್ನುತ್ತಿದ್ದೆ. ಅದೇನೋ ನಿಜವೇ. ಆದರೆ ಅವರ ಅಂಗಳದ ಮೂಲೆಯಲ್ಲಿ ಮಣ್ಣು ತುಂಬಿದ ಹತ್ತಿಪ್ಪತ್ತು ಚೀಲಗಳಿದ್ದವು, ಕೈ ಸರಿಯಾದ ದಿನ ಸಸಿ ನೆಡಲೆಂದು ಮಗಳಿಂದ ತುಂಬಿಸಿಟ್ಟದ್ದು. ಅವನ್ನು ಕಂಡಾಗಲಾದರೂ ಹೇಳಬಹುದಿತ್ತು… ಹೇಳಲಿಲ್ಲ. ಎರಡು ಮಳೆಗಾಲ ಆ ಚೀಲಗಳು ಹಾಗೇ ನೆನೆದವು. ಮೂರನೆಯ ಮಳೆಗಾಲಕ್ಕೆ ಅಕ್ಕ ಇರಲಿಲ್ಲ.

ಈಗ ಯಾರೇ ರಕ್ತ ಕೊಡಲು ಬರಲಿ, ಆ ಸಾಲನ್ನು ಎರಡು ಸಲ ಓದುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಹೋಗಲಿ.

ಇವತ್ತು ಬೆಳಿಗ್ಗೆಯೂ ಅಕ್ಕನ ಕೋಶಗಳಿಗೆ ಅಂಚಿನಿಂದ ದ್ರವ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಚೆನ್ನಾಗಿವೆ. ಹೇಗುಂಟು ಎಂದು ಕೇಳುವವರು ಮಾತ್ರ ಇಲ್ಲ.