ಎಡಗೈ ಚಾಚಿ ಕೆಟ್ಟೆ

ತೆಲುಗು ಸೀಮೆಯ ಬಾಲಾನಗರದ ಶಾಲೆಯೊಂದರಲ್ಲಿ ನಾನು ರಜೆ ದಿನಗಳ ಸ್ಕೌಟ್ ಮಾಸ್ತರ. ಒಮ್ಮೆ ಹೀಗಾಯಿತು: ಮರುದಿನ ಸ್ಕೌಟ್ ಕಮಿಷನರು ತಪಾಸಣೆಗೆ ಬರುವವರಿದ್ದರು. ಅವರ ಸ್ವಾಗತಕ್ಕೆಂದು ಮಕ್ಕಳು ಬಿದಿರು, ಹಗ್ಗದಲ್ಲಿ ಕಟ್ಟಿದ ಕಮಾನು ಎರಡು ಸಲ ಬಿದ್ದಿತ್ತು. ಗಂಟು ಹಾಕಲು ಕಲಿಸಿದವನು ನಾನೇ.

ಪಕ್ಕದ ಕಟ್ಟಡಕ್ಕೆ ಬಿದಿರಿನ ಸಾರವೆ ಕಟ್ಟುತ್ತಿದ್ದ ಯಾದಗಿರಿಯ ಶರಣಪ್ಪ ನನ್ನ ಕನ್ನಡದ ಗೊಣಗಾಟ ಕೇಳಿಸಿಕೊಂಡಿರಬೇಕು. "ಮಾಸ್ತರ, ಇದು ಕಮಾನೋ, ಬಟ್ಟಿ ಒಣಾ ಹಾಕೋ ಗಳಾನೋ?" ಎನ್ನುತ್ತ ಒಳಗೆ ಬಂದರು. ಒಂದು ಬದಿಯ ಗಂಟುಗಳನ್ನೆಲ್ಲ ಬಿಚ್ಚಿ ಬಿಗಿಯಾಗಿ ಕಟ್ಟಿಕೊಟ್ಟರು. ಖುಷಿಯಲ್ಲಿ ನಾನು ಸ್ಕೌಟ್ ರೂಢಿಯಂತೆ ಕೈಕುಲುಕಲು ಎಡಗೈ ಚಾಚಿದೆ.

ಅವರ ಮುಖ ಗಂಟಿಕ್ಕಿತು. "ಎಡಗೈ ಕೊಡ್ತೀರೇನ್ರಿ? ಕೂಲಿಯವ ಅಂದ್ರ ಇಷ್ಟೇ ಏನು ಮರ್ಯಾದಿ?" ಎಂದು ಹಗ್ಗ ಕೆಳಗೆ ಹಾಕಿದರು. ಇನ್ನೊಂದು ಬದಿ ಹಾಗೇ ಉಳಿದಿತ್ತು.

"ನಮ್ಮಾಗ ಇದೇ ಮರ್ಯಾದಿರಿ. ಎಡಗೈ ಎದಿಗೆ ಹತ್ರ ಅಂತ. ನಾಳೆ ಬರೋ ಸಾಹೇಬರಿಗೂ ಎಡಗೈನೇ ಕೊಡ್ತೀವಿ," ಎಂದೆ. ನನ್ನ ಕಿವಿಗೇ ಅದು ನೆಪದಂತೆ ಕೇಳಿಸಿತು.

"ಖರೇನ?" ಎಂದು ಅವರು ಎಡಗೈ ತೋರಿಸುತ್ತ ಮಕ್ಕಳ ಕಡೆ ತಿರುಗಿದರು. ಮಕ್ಕಳೆಲ್ಲ ಒಟ್ಟಿಗೆ ಎಡಗೈ ಎತ್ತಿದರು.

ಶರಣಪ್ಪ ನಕ್ಕುಬಿಟ್ಟರು. "ಹಂಗಾದ್ರ ಅದು ಸಾಹೇಬರಿಗೇ ಇರ್ಲಿ. ನನಗ ಬಲಗೈ ಕೊಡ್ರಿ, ಸಾಕು."

ಕೊಟ್ಟೆ. ಇನ್ನೊಂದು ಬದಿಯೂ ಗಟ್ಟಿಯಾಯಿತು.

ಮರುದಿನ ಕಮಿಷನರು ಕಮಾನನ್ನು ಅಲುಗಾಡಿಸಿ ನೋಡಿ, ಮೆಚ್ಚಿ, ಎಡಗೈ ಚಾಚಿದರು. ನಾನು ಗಾಬರಿಯಲ್ಲಿ ಬಲಗೈ ಕೊಟ್ಟೆ. ತಪಾಸಣೆ ಪುಸ್ತಕದಲ್ಲಿ ಅವರು ಬರೆದದ್ದು ಈಗಲೂ ಇದೆ: ಕಮಾನು ಉತ್ತಮ, ಮಾಸ್ತರರಿಗೆ ಇನ್ನಷ್ಟು ತರಬೇತಿ ಬೇಕು.